ಹಳೆಯ ಕಾರ್ಡುಗಳಲ್ಲಿ ಗೋಳಗುಮ್ಮಟ

1565ರ ಜನವರಿಯಲ್ಲಿ ತಾಳಿಕೋಟೆಯ ಹೆಸರಿನ ಯುದ್ಧ ಮುಗಿದಾಗ ಹಂಪಿ ಹಾಳಾಯಿತು. ಗೆದ್ದ ಆದಿಲ್‌ಶಾಹಿಗಳ ವಿಜಯಪುರದಲ್ಲಿ ಮುಂದೆ ಸುಮಾರು ನೂರು ವರ್ಷ ಕಟ್ಟಡಗಳು ಏಳುತ್ತಲೇ ಹೋದವು. ರೋಮಿನ ಕೊಲೋಸಿಯಂ ಚಿತ್ರದ ಹಳೆಯ ಪೋಸ್ಟ್‌ಕಾರ್ಡುಗಳಿಗೆ ಜಗತ್ತಿನ ತುಂಬ ಸಂಗ್ರಾಹಕರಿದ್ದಾರೆ. ವಿಜಯಪುರದ ಇಬ್ರಾಹಿಂ ರೋಜಾ, ಮಲಿಕ್‌-ಎ-ಮೈದಾನ್ ತೋಪು, ಗೋಳಗುಮ್ಮಟಗಳ ಕಾರ್ಡುಗಳೂ ಅಷ್ಟೇ ಅಕ್ಕರೆಗೆ ಯೋಗ್ಯ. ತಾಳಿಕೋಟೆ ಸೀಮೆಯವರಿಗಂತೂ ಅವು ಮನೆಯ ಆಲ್ಬಂ ಇದ್ದಂತೆ.

ಭಾರತದಲ್ಲಿ ಅಂಚೆ ಕಾರ್ಡು ಶುರುವಾದದ್ದು 1879ರಲ್ಲಿ, ಬೆಲೆ ಕಾಲಾಣೆ. ಚಿತ್ರದ ಕಾರ್ಡುಗಳ ಭರಾಟೆ ಬಂದದ್ದು ಆ ಶತಮಾನದ ಕೊನೆಗೆ. ಬಾಂಬೆಯ ಕ್ಲಿಫ್ಟನ್, ಮದ್ರಾಸು ಮತ್ತು ಬೆಂಗಳೂರಿನ ಹಿಗ್ಗಿನ್‌ಬಾಥಮ್ಸ್, ಲಂಡನ್ನಿನ ರಾಫೆಲ್ ಟಕ್ ಆಗಿನ ಹೆಸರಾಂತ ಪ್ರಕಾಶಕರು. ಎಷ್ಟೋ ಕಾರ್ಡುಗಳು ಅಚ್ಚಾಗುತ್ತಿದ್ದದ್ದು ಜರ್ಮನಿಯಲ್ಲಿ. ಮೊದಲ ಮಹಾಯುದ್ಧ ಬಂದು ಆ ವ್ಯವಹಾರ ಕುಸಿಯಿತು.

ಸಂಗ್ರಾಹಕರು ಕಾರ್ಡು ಕೈಗೆ ಬಂದೊಡನೆ ಹಿಂದೆ ತಿರುಗಿಸುತ್ತಾರೆ. ಹಿಂಬದಿಯಲ್ಲಿ ವಿಳಾಸಕ್ಕೆ ಮಾತ್ರ ಜಾಗವಿದ್ದು, ನಡುವೆ ಗೆರೆ ಇಲ್ಲದಿದ್ದರೆ ಅದು ತೀರ ಹಳೆಯದು. ಆಗ ಒಕ್ಕಣೆಯನ್ನು ಮುಂಬದಿಯ ಚಿತ್ರದ ಸುತ್ತಲಿನ ಬಿಳಿ ಅಂಚಿನಲ್ಲೇ ಬರೆಯಬೇಕಿತ್ತು. ಹೀಗಾಗಿ ಗುಮ್ಮಟದ ಕೆಳಗೆ ಯಾರದೋ ಕುಶಲೋಪರಿ ಇರುಕಿಕೊಂಡಿರುತ್ತದೆ. ಅರ್ಧ ಭಾಗ ಪತ್ರಕ್ಕೆ, ಅರ್ಧ ವಿಳಾಸಕ್ಕೆ ಎಂಬ ಪದ್ಧತಿ ಬ್ರಿಟನ್ನಿನಲ್ಲಿ 1902ರಲ್ಲಿ ಬಂತು. ಉಳಿದ ದೇಶಗಳು ಅದನ್ನೇ ಹಿಡಿದವು. ಏಳನೆಯ ಎಡ್ವರ್ಡ್‌ನ ಅಂಚೆಚೀಟಿಯೋ ಐದನೆಯ ಜಾರ್ಜ್‌ನದೋ ನೋಡಿದರೆ ಕಾಲ ಇನ್ನಷ್ಟು ಖಚಿತವಾಗುತ್ತದೆ. ಠಸ್ಸೆಯ ಊರು, ತಾರೀಕು ಓದಲು ಬಂದರಂತೂ ಹಬ್ಬವೇ ಸರಿ.

ವಿಜಯಪುರಕ್ಕೂ ಅಂಚೆಗೂ ಇನ್ನೊಂದು ನಂಟಿದೆ. ಬ್ರಿಟಿಷರ ಕಾಲದಲ್ಲಿ ಅಲ್ಲಿನ ಮಸೀದಿಯೊಂದು ಅಂಚೆ ಕಚೇರಿಯಾಗಿತ್ತು. ಸ್ಮಾರಕಗಳ ಇಂಥ ಬಳಕೆಯನ್ನು ವೈಸ್‌ರಾಯ್ ಕರ್ಜನ್ ಬಲವಾಗಿ ವಿರೋಧಿಸಿದ. ಪ್ರಾಚೀನ ಸ್ಮಾರಕ ಸಂರಕ್ಷಣಾ ಕಾಯ್ದೆ ಬಂದದ್ದು 1904ರಲ್ಲಿ, ಚಿತ್ರದ ಕಾರ್ಡುಗಳು ಉತ್ತುಂಗದಲ್ಲಿದ್ದಾಗಲೇ. ಸ್ಮಾರಕದ ಅಂಗಳದಲ್ಲಿ ಆಗ ಏನಿತ್ತು, ಯಾವ ಗೋಡೆ ಬಿದ್ದಿತ್ತು, ಯಾವುದನ್ನು ಮತ್ತೆ ಕಟ್ಟಿದರು ಎಂಬುದಕ್ಕೆ ಈ ಕಾರ್ಡುಗಳು ಸಾಕ್ಷಿ. ವಿದ್ವಾಂಸರೂ ಇದನ್ನು ಮನಗಂಡಿದ್ದಾರೆ: 2018ರಲ್ಲಿ ಲಂಡನ್ನಿನ ಸೋಆಸ್ ಸಂಸ್ಥೆಯಲ್ಲಿ ಮದ್ರಾಸು–ಬೆಂಗಳೂರುಗಳ ಹಳೆಯ ಕಾರ್ಡುಗಳದೇ ಪ್ರದರ್ಶನ ನಡೆಯಿತು.

ಹೊಸದಾಗಿ ಶುರು ಮಾಡುವವರಿಗೆ 1949ರ ಅಂಚೆಚೀಟಿ ಒಳ್ಳೆಯ ದಾರಿ. ಆ ವರ್ಷದ ಆಗಸ್ಟ್ 15ರಂದು ಬಂದ ಪುರಾತತ್ವ ಮಾಲಿಕೆಯಲ್ಲಿ ಆರಾಣೆಯ ಚೀಟಿಯ ಮೇಲೆ ಗೋಳಗುಮ್ಮಟವಿದೆ. ಅದೇ ಗುಮ್ಮಟದ ಕಾರ್ಡಿನ ಚಿತ್ರದ ಬದಿಗೆ ಆ ಚೀಟಿ ಅಂಟಿಸಿ ಠಸ್ಸೆ ಹಾಕಿಸಿದ್ದನ್ನು ಮ್ಯಾಕ್ಸಿಮಮ್ ಕಾರ್ಡ್ ಎನ್ನುತ್ತಾರೆ. ಸಿಕ್ಕ ಕಾರ್ಡಿಗೆ ಲ್ಯಾಮಿನೇಶನ್ ಮಾತ್ರ ಮಾಡಿಸಬಾರದು, ಅಂಟು ತಾಗಿಸಬಾರದು. ಪಿವಿಸಿ ಇಲ್ಲದ ಪಾರದರ್ಶಕ ಕವರಿನಲ್ಲಿ, ಬಿಸಿಲು ಬೀಳದ ಕಡೆ ಇಟ್ಟರೆ ಮುಂದಿನ ತಲೆಮಾರಿಗೂ ಉಳಿಯುತ್ತದೆ.