ಧರ್ಮಪುರದಲ್ಲಿ ಎಂಪಿ ಎಲೆಕ್ಷನ್ನು

ಆ ಗುರುವಾರ ಇಳಿಹೊತ್ತಿಗೆ ಹಿರಿಯೂರಿನ ಕಡೆಯಿಂದ ಬಂದ ಬಸ್ಸುಗಳಿಗೆ ಊರಿನ ಬೋರ್ಡು ಇರಲಿಲ್ಲ. ಮುಂದಿನ ಗಾಜಿಗೆ ಅಂಟಿಸಿದ ಬಿಳಿ ಹಾಳೆಯಲ್ಲಿ ‘ಚುನಾವಣಾ ಕರ್ತವ್ಯ’ ಎಂಬ ದಪ್ಪ ಅಕ್ಷರ, ಅದರ ಕೆಳಗೊಂದು ರೂಟ್ ನಂಬರು. ಒಳಗೆ ಬೇರೆ ತಾಲ್ಲೂಕಿನ ಮೇಷ್ಟ್ರುಗಳು, ಗುಮಾಸ್ತರು, ಬ್ಯಾಂಕಿನವರು. ತೊಡೆಯ ಮೇಲೆ ಮತಯಂತ್ರದ ಪೆಟ್ಟಿಗೆ, ಕಾಲ ಬಳಿ ಸ್ವಂತದ ಹಾಸಿಗೆ ಸುರುಳಿ, ಕೈಯಲ್ಲಿ ನೀರಿನ ಬಾಟಲಿ. 2024ರ ಏಪ್ರಿಲ್ 25. ರಾಜ್ಯದ 223 ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತವೆಂದು ಘೋಷಿಸಿದ್ದ ವರ್ಷದ ಕಡುಬೇಸಿಗೆ. ಬಸ್ಸಿಂದ ಇಳಿದವರು ಶಾಲೆಯ ಕೊಠಡಿಗೆ ಕಾಲಿಟ್ಟು ಮೊದಲು ನೋಡುವುದು ಚುನಾವಣಾ ಆಯೋಗದ ಸುತ್ತೋಲೆಯನ್ನಲ್ಲ, ಫ್ಯಾನು ತಿರುಗುತ್ತದೆಯೇ ಎಂದು. ಎರಡನೆಯದು, ಬಚ್ಚಲಲ್ಲಿ ನೀರಿದೆಯೇ ಎಂದು. ಬಿಸಿಯೂಟದ ಅಡುಗೆಯವರು ಅಷ್ಟರಲ್ಲಿ ಒಲೆ ಹಚ್ಚಿರುತ್ತಾರೆ. ಪ್ರಜಾಪ್ರಭುತ್ವದ ಹಬ್ಬ ಎಂದು ಭಾಷಣ ಮಾಡುವವರು ಯಾರೂ ನೆನೆಯದ ಹೆಂಗಸರು ಇವರು. ಮತಗಟ್ಟೆ ಸಿಬ್ಬಂದಿಗೆ ಆ ರಾತ್ರಿ ಅನ್ನ ಸಾರು, ಬೆಳಗ್ಗೆ ಉಪ್ಪಿಟ್ಟು ಇವರದೇ ಕೈಯಿಂದ.

ಶಾಲೆಯ ಗೇಟಿನಿಂದಾಚೆ ಅಳತೆ ಹಿಡಿದು ಸುಣ್ಣದ ಗೆರೆ ಎಳೆದಿದ್ದಾರೆ. ನೂರು ಮೀಟರಿನ ಗೆರೆಯ ಒಳಗೆ ಪ್ರಚಾರ ಕೂಡದು. ಪಕ್ಷದವರ ಮೇಜು ಆಗ ಇನ್ನೂ ಆಚೆ, ಇನ್ನೂರು ಮೀಟರಿನ ಹೊರಗೆ ಇರಬೇಕಿತ್ತು. ಕೊಠಡಿಯೊಳಗೆ ಬೆಂಚುಗಳನ್ನು ಗೋಡೆಗೆ ಒತ್ತರಿಸಿ, ಮೂಲೆಯಲ್ಲಿ ರಟ್ಟಿನ ಮರೆ ನಿಲ್ಲಿಸುತ್ತಾರೆ. ಮೇಲೆ ಕಾಗುಣಿತದ ಚಾರ್ಟು, ಪಕ್ಕದಲ್ಲಿ ಕರ್ನಾಟಕದ ನಕ್ಷೆ. ಆ ನಕ್ಷೆಯಲ್ಲಿ ಮೂವತ್ತೊಂದು ಜಿಲ್ಲೆಗಳಿಗೂ ಒಂದೊಂದು ಬಣ್ಣ. ಆದರೆ ನಾಳೆ ಈ ಕೊಠಡಿಯಲ್ಲಿ ನಡೆಯುವ ಓಟಿಗೆ ಯಾವ ಎಲ್ಲೆಯೋ ಆ ಎಲ್ಲೆ ಮಾತ್ರ ಅದರಲ್ಲಿಲ್ಲ. 28 ಲೋಕಸಭಾ ಕ್ಷೇತ್ರಗಳ ಗೆರೆ ಜಿಲ್ಲೆಯ ಗೆರೆಗೆ ಸೊಪ್ಪು ಹಾಕುವುದಿಲ್ಲ. ಕೊಡಗು ಮೈಸೂರಿನ ಜೊತೆ ಓಟು ಹಾಕುತ್ತದೆ. ಚಿಕ್ಕಮಗಳೂರು ಜಿಲ್ಲೆಯ ಬಹುಪಾಲು ಘಟ್ಟದ ಕೆಳಗಿನ ಉಡುಪಿಯ ಜೊತೆಗಿದ್ದರೆ ಅದರ ಕಡೂರು ಹಾಸನಕ್ಕೆ ಸೇರಿದೆ. ಯಾದಗಿರಿಗೆ ತನ್ನ ಹೆಸರಿನ ಕ್ಷೇತ್ರವೇ ಇಲ್ಲ.

ಧರ್ಮಪುರ ಸೇರಿದ ಚಿತ್ರದುರ್ಗದ್ದು ಇನ್ನೊಂದು ಬಗೆ. ಮೊಳಕಾಲ್ಮುರು, ಚಳ್ಳಕೆರೆ, ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂಬ ಜಿಲ್ಲೆಯ ಆರು ವಿಧಾನಸಭಾ ಕ್ಷೇತ್ರಗಳಿಗೆ ತುಮಕೂರು ಜಿಲ್ಲೆಯ ಶಿರಾ, ಪಾವಗಡ ಸೇರಿ ಎಂಟು. ಪಾವಗಡವನ್ನು ನಕ್ಷೆಯಲ್ಲಿ ನೋಡಬೇಕು. ತನ್ನ ತುಮಕೂರು ಜಿಲ್ಲೆಯ ಉಳಿದ ನೆಲಕ್ಕೆ ಅಂಟಿಕೊಳ್ಳದೆ, ಸುತ್ತ ಆಂಧ್ರವನ್ನು ಹೊದ್ದುಕೊಂಡು, ಚಿತ್ರದುರ್ಗದ ಒಂದು ತುದಿಯನ್ನಷ್ಟೇ ಹಿಡಿದುಕೊಂಡಿದೆ. ಹಿರಿಯೂರು ತಾಲ್ಲೂಕಿನ ಪೂರ್ವದ ಅಂಚಿನಲ್ಲಿರುವ ಧರ್ಮಪುರದಿಂದ ಅಲ್ಲಿಗೆ ನೇರ ಹೊರಟರೆ ನಡುವೆ ಆಂಧ್ರದ ಅಮರಾಪುರ, ಮಡಕಶಿರಾ ಸೀಮೆ ಬರುತ್ತದೆ. ಒಂದೇ ಕ್ಷೇತ್ರದ ಎರಡು ಊರುಗಳ ನಡುವೆ ಇನ್ನೊಂದು ರಾಜ್ಯ! ಚುನಾವಣೆ ಘೋಷಣೆಯಾದ ದಿನದಿಂದ ಇಂಥ ಗಡಿದಾರಿಗಳಲ್ಲಿ ಚೆಕ್‌ಪೋಸ್ಟು. ದಾಖಲೆಯಿಲ್ಲದೆ 50 ಸಾವಿರ ರೂಪಾಯಿಗಿಂತ ಹೆಚ್ಚು ನಗದು ಒಯ್ಯುವಂತಿಲ್ಲ. ಕುರಿ ಮಾರಿ ದುಡ್ಡು ತರುವವನೂ ಈರುಳ್ಳಿ ವ್ಯಾಪಾರಿಯೂ ಜೇಬು ತಟ್ಟಿ ತೋರಿಸಬೇಕು. ಮದುವೆಯ ಸೀಸನ್ನಿನಲ್ಲಿ ಚುನಾವಣೆ ಬಂದರಂತೂ ಹೆಣ್ಣಿನ ಕಡೆಯವರು ಲಗ್ನಪತ್ರಿಕೆಯನ್ನು ಜೊತೆಗಿಟ್ಟುಕೊಂಡೇ ಜವಳಿಗೆ ಹೊರಡುವುದು.

ಶುಕ್ರವಾರ ಬೆಳಗ್ಗೆ ಐದೂವರೆಗೆ ಕೊಠಡಿಯ ದೀಪ ಹತ್ತುತ್ತದೆ. ಪಕ್ಷಗಳ ಏಜೆಂಟರು ಕಣ್ಣುಜ್ಜುತ್ತ ಬಂದು ಬೆಂಚಿನ ಮೇಲೆ ಒತ್ತಿಕೊಂಡು ಕೂರುತ್ತಾರೆ. ಎದುರಾಳಿ ಪಕ್ಷದವರು, ಆದರೆ ಒಬ್ಬ ಇನ್ನೊಬ್ಬನ ಭಾವಮೈದುನ, ಮತ್ತೊಬ್ಬ ಪಕ್ಕದ ತೋಟದವನು. ಮೊದಲು ಅಣಕು ಮತದಾನ. ಕಡಿಮೆಯೆಂದರೂ 50 ಓಟು ಒತ್ತಿ, ಎಣಿಸಿ, ಲೆಕ್ಕ ತಾಳೆಯಾಯಿತೆಂದು ಎಲ್ಲರಿಂದ ಸಹಿ ಹಾಕಿಸಿಕೊಂಡು, ಅಷ್ಟನ್ನೂ ಅಳಿಸಿ, ಯಂತ್ರಕ್ಕೆ ಮುದ್ರೆ ಹಾಕಿ ಏಳು ಗಂಟೆಗೆ ನಿಜವಾದ ಓಟು. ಆಗಲೇ ಹೊರಗೆ ಎರಡು ಸಾಲು. ಬಿಸಿಲೇರುವ ಮೊದಲು ಮುಗಿಸಿಬಿಡೋಣ ಎಂದು ಬಂದವರಲ್ಲಿ ಹೆಂಗಸರೇ ಮುಂದು. ಮನೆಗೆಲಸ ಮುಗಿಸಿ ಬಂದವರಲ್ಲ, ಮುಗಿಸಲಿಕ್ಕೆ ವಾಪಸು ಓಡಬೇಕಾದವರು. ಸೆರಗಿನ ತುದಿಯಲ್ಲಿ ಗುರುತಿನ ಚೀಟಿ. ಮಾತು ಗೃಹಲಕ್ಷ್ಮಿಯ ಎರಡು ಸಾವಿರ ಈ ತಿಂಗಳು ಯಾರಿಗೆ ಬಂತು, ಯಾರಿಗೆ ಬರಲಿಲ್ಲ ಎಂಬುದರ ಮೇಲೆ. ಬೆಂಗಳೂರಿನಿಂದ ರಾತ್ರೋರಾತ್ರಿ ಬಂದ ಮಗಳು ಮೊಬೈಲ್ ಹೊರಗೆ ಯಾರ ಕೈಗೆ ಕೊಡಲಿ ಎಂದು ಒದ್ದಾಡುತ್ತಾಳೆ. ಅವಳಿಗೆ ಸರ್ಕಾರಿ ಬಸ್ಸಿನಲ್ಲಿ ಶೂನ್ಯ ಟಿಕೆಟು. ಗಂಡನದು, ಅವನ ಜೊತೆಗಾರರದು ಬಸ್‌ಚಾರ್ಜು ಯಾರು ಕೊಟ್ಟರೆಂದು ಕೇಳಬಾರದು.

ಒಳಗೆ ಮೊದಲನೇ ಅಧಿಕಾರಿ ಹೆಸರನ್ನು ಕೂಗಿ ಓದುತ್ತಾರೆ. ಏಜೆಂಟರ ಪೆನ್ನುಗಳು ಪಟ್ಟಿಯ ಮೇಲೆ ಒಟ್ಟಿಗೆ ಗೀಚುತ್ತವೆ. ಕೂಗುವುದು ಅಧಿಕೃತ ಹೆಸರು; ಊರಿಗೆ ಗೊತ್ತಿರುವುದು ಅಡ್ಡಹೆಸರು. ಹಾಗಾಗಿ ಪ್ರತಿ ಐದಾರು ಮಂದಿಗೊಮ್ಮೆ ‘ಯಾರದು?’ ಎಂಬ ಪ್ರಶ್ನೆ, ‘ನಮ್ಮ ಗುಂಡಣ್ಣ ಕಣ್ರೀ’ ಎಂಬ ಉತ್ತರ. ಎರಡನೆಯವರು ಎಡಗೈ ತೋರುಬೆರಳಿಗೆ ಶಾಯಿ ಎಳೆದು ರಿಜಿಸ್ಟರಿನಲ್ಲಿ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿಕೊಳ್ಳುತ್ತಾರೆ. ಮೂರನೆಯವರು ಗುಂಡಿ ಒತ್ತಿದರೆ ಮರೆಯ ಹಿಂದಿನ ಯಂತ್ರ ತಯಾರು. ನೀಲಿ ಗುಂಡಿ, ಕೆಂಪು ದೀಪ, ಗಾಜಿನ ಹಿಂದೆ ಏಳು ಸೆಕೆಂಡು ನಿಂತು ಉದುರುವ ಚೀಟಿ, ಉದ್ದನೆಯ ಪೀಂ ಶಬ್ದ. ಈ ಪೀಂ ಕೇಳಿಸದೆ ಕೆಲವು ಅಜ್ಜಿಯರು ಹೊರಗೆ ಬರುವುದೇ ಇಲ್ಲ. ಎಂಬತ್ತೈದು ದಾಟಿದವರಿಗೆ ಆಯೋಗ ಮನೆಬಾಗಿಲಿಗೇ ಮತಪತ್ರ ಕಳಿಸುತ್ತದೆ. ಆದರೂ ಮೊಮ್ಮಗನ ಬೈಕಿನಲ್ಲಿ ಕೂತು ಬೂತಿಗೇ ಬರುತ್ತೇನೆಂದು ಹಟ ಹಿಡಿಯುವವರಿದ್ದಾರೆ. ನಾಲ್ಕು ಜನ ನೋಡದಿದ್ದರೆ ಅದೆಂಥಾ ಓಟು!

ಆ ಶಾಯಿ ಮೈಸೂರಿನದು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಹುಟ್ಟಿದ, ಈಗ ಮೈಸೂರು ಪೇಂಟ್ಸ್ ಎಂದು ಹೆಸರಾದ ಕಾರ್ಖಾನೆ 1962ರ ಮಹಾಚುನಾವಣೆಯಿಂದ ಇಡೀ ದೇಶಕ್ಕೆ ಅದನ್ನು ಕೊಡುತ್ತಿದೆ. ಆ 1962 ಈ ಜಿಲ್ಲೆ ಮರೆಯದ ಇಸವಿ. ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಯಾಗಿದ್ದ, ಮತ್ತೆ ಮುಖ್ಯಮಂತ್ರಿಯಾಗುತ್ತಾರೆಂದು ಎಲ್ಲರೂ ಎಣಿಸಿದ್ದ ಎಸ್. ನಿಜಲಿಂಗಪ್ಪ ಆ ವರ್ಷ ಹೊಸದುರ್ಗದಲ್ಲಿ ವಿಧಾನಸಭೆಗೆ ನಿಂತು, ಪ್ರಜಾ ಸೋಷಲಿಸ್ಟ್ ಪಕ್ಷದ ಜಿ.ಟಿ. ರಂಗಪ್ಪನವರ ಎದುರು ಸೋತರು. ಮೊದಲ ಲೋಕಸಭೆಗೆ ಇದೇ ಚಿತ್ರದುರ್ಗದಿಂದ ಹೋಗಿದ್ದವರು, ಮನೆ ಮಾಡಿಕೊಂಡು ಬದುಕಿದ್ದೂ ಇಲ್ಲೇ. ಎಸ್.ಆರ್. ಕಂಠಿಯವರು ಕೆಲವು ತಿಂಗಳು ಮುಖ್ಯಮಂತ್ರಿ ಗಾದಿ ಕಾಯ್ದರು. ಅತ್ತ ಬಾಗಲಕೋಟೆಯಲ್ಲಿ ಸ್ಥಾನ ತೆರವಾಗಿ ನಿಜಲಿಂಗಪ್ಪ ಅಲ್ಲಿಂದ ಗೆದ್ದು ಬಂದರು. ಚಿತ್ರದುರ್ಗದವರು ಕೈಬಿಟ್ಟವರನ್ನು ಬಾಗಲಕೋಟೆಯವರು ಎತ್ತಿಕೊಂಡರು.

ಅರವತ್ತೆರಡು ವರ್ಷದ ಮೇಲೆ ಲೆಕ್ಕ ತಿರುವುಮುರುವಾಯಿತು. 2023ರಲ್ಲಿ ಬಾಗಲಕೋಟೆ ಜಿಲ್ಲೆಯ ಮುಧೋಳದಲ್ಲಿ ಸೋತಿದ್ದ ಗೋವಿಂದ ಕಾರಜೋಳರನ್ನು ಬಿಜೆಪಿ 2024ಕ್ಕೆ ಚಿತ್ರದುರ್ಗದಲ್ಲಿ ನಿಲ್ಲಿಸಿತು. ಹೊಳಲ್ಕೆರೆಯ ಶಾಸಕ ಎಂ. ಚಂದ್ರಪ್ಪ ಮಗನಿಗೆ ಟಿಕೆಟು ಸಿಗಲಿಲ್ಲವೆಂದು ಸಿಡಿದೆದ್ದರು, ಆಮೇಲೆ ತಣ್ಣಗಾದರು. ಎದುರಿಗೆ ನಿಂತ ಕಾಂಗ್ರೆಸ್ಸಿನ ಬಿ.ಎನ್. ಚಂದ್ರಪ್ಪನವರೂ ಜಿಲ್ಲೆಯವರಲ್ಲ. ‘ಹೊರಗ್ನೋರು’ ಎಂಬ ಬೈಗುಳ ಹೀಗೆ ಇಬ್ಬರಿಗೂ ಸಮನಾಗಿ ಹಂಚಿಹೋಗಿ ಯಾರಿಗೂ ಉಪಯೋಗಕ್ಕೆ ಬರಲಿಲ್ಲ.

ನಿಜ ಹೇಳಬೇಕೆಂದರೆ ಧರ್ಮಪುರದ ಕಟ್ಟೆಗಳಿಗೆ ಇದು ರೂಢಿಯಾಗಿದೆ. ಕ್ಷೇತ್ರ ಮರುವಿಂಗಡಣೆಯಾಗಿ ಪರಿಶಿಷ್ಟ ಜಾತಿಗೆ ಮೀಸಲಾದ ಮೇಲೆ 2009ರಲ್ಲಿ ಗೆದ್ದವರು ಅಮೆರಿಕದಲ್ಲಿ ಕಂಪ್ಯೂಟರ್ ಎಂಜಿನಿಯರ್ ಆಗಿದ್ದು ಬಂದ ಜನಾರ್ದನ ಸ್ವಾಮಿ. 2014ರಲ್ಲಿ ಬಿ.ಎನ್. ಚಂದ್ರಪ್ಪ, 2019ರಲ್ಲಿ ಆನೇಕಲ್ಲಿನ ಎ. ನಾರಾಯಣಸ್ವಾಮಿ. ಮೀಸಲಾಗುವ ಮೊದಲೂ ಅಷ್ಟೆ. 1999ರಲ್ಲಿ ಸಿನಿಮಾ ನಟ ಶಶಿಕುಮಾರ್ ಗೆದ್ದಾಗ ಹೆಂಗಸರು ಮಕ್ಕಳು ರಸ್ತೆಗೆ ಬಂದದ್ದು ಅಭ್ಯರ್ಥಿಯನ್ನಲ್ಲ, ಹೀರೋನನ್ನು ನೋಡಲು. ಹಿರಿಯೂರಿನವರೇ ಆದ ಕೆ.ಎಚ್. ರಂಗನಾಥ್ 1984ರಲ್ಲಿ ದಿಲ್ಲಿಗೆ ಹೋಗಿದ್ದನ್ನು ಹೇಳಲು ಈಗ ಹಳಬರೇ ಬೇಕು. ಎಂಪಿ ಎಂದರೆ ಐದು ವರ್ಷಕ್ಕೊಮ್ಮೆ ತೆರೆದ ಜೀಪಿನಲ್ಲಿ ಕೈಮುಗಿದು ಹೋಗುವ ಹೊಸ ಮುಖ. ಎಂಎಲ್‌ಎ ಎಂದರೆ ಮದುವೆಗೆ, ತಿಥಿಗೆ ಬರಲೇಬೇಕಾದವನು. ಹಾಗಾಗಿ ವಿಧಾನಸಭೆಗೆ ಆಗುವ ಜಗಳ, ಮುನಿಸು, ಅಣ್ಣತಮ್ಮಂದಿರ ಮಾತುಬಿಡುವಿಕೆ ಲೋಕಸಭೆಗೆ ಇಲ್ಲ. ಊರು ತಣ್ಣಗಿರುತ್ತದೆ. ಇದನ್ನು ಜನರ ನಿರಾಸಕ್ತಿ ಎಂದು ಬರೆಯುವ ಪತ್ರಕರ್ತರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಅದೇ ದಿನ ಬೆಂಗಳೂರು ದಕ್ಷಿಣದಲ್ಲಿ ಶೇ 53ರಷ್ಟು ಜನ ಓಟು ಹಾಕಿದರೆ ಚಿತ್ರದುರ್ಗದಲ್ಲಿ ಶೇ 73ರಷ್ಟು ಹಾಕಿದರು. ಮಂಡ್ಯದಲ್ಲಿ ಶೇ 81 ದಾಟಿತು ಅನ್ನಿ, ಅಲ್ಲಿಯ ಜಿದ್ದೇ ಬೇರೆ. ಮುಖ ಗೊತ್ತಿಲ್ಲದ ಅಭ್ಯರ್ಥಿಗೆ ಮುಕ್ಕಾಲು ಪಾಲು ಜನ ಬಿಸಿಲಲ್ಲಿ ನಿಲ್ಲುತ್ತಾರೆಂದರೆ ಅವರು ವ್ಯಕ್ತಿಯನ್ನು ತೂಗುತ್ತಿಲ್ಲ, ಇನ್ನೇನನ್ನೋ ತೂಗುತ್ತಿದ್ದಾರೆ. 2023ರಲ್ಲಿ ಈ ಎಂಟರಲ್ಲಿ ಏಳು ಕಡೆ ಕಾಂಗ್ರೆಸ್ ಶಾಸಕರನ್ನು ಆರಿಸಿದ ಕ್ಷೇತ್ರ ವರ್ಷ ತಿರುಗುವುದರೊಳಗೆ ಸುಮಾರು 48 ಸಾವಿರ ಓಟುಗಳಿಂದ ಕಾರಜೋಳರನ್ನು ಗೆಲ್ಲಿಸಿತು.

ಮೀಸಲು ಕ್ಷೇತ್ರವೆಂದಾಕ್ಷಣ ಊರಿನ ಎಲ್ಲ ಬಾಗಿಲುಗಳೂ ತೆರೆಯುತ್ತವೆ ಎಂದಲ್ಲ. 2019ರ ಸೆಪ್ಟೆಂಬರಿನಲ್ಲಿ, ಗೆದ್ದು ಕೆಲವೇ ತಿಂಗಳಾಗಿದ್ದ ಸಂಸದ ನಾರಾಯಣಸ್ವಾಮಿಯವರನ್ನು ಪಾವಗಡ ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯ ಕೆಲವರು ದಲಿತರೆಂಬ ಕಾರಣಕ್ಕೆ ಒಳಗೆ ಬಿಡಲಿಲ್ಲ. ಅವರು ಹಟ್ಟಿಯ ಹೊರಗೆ ಕುರ್ಚಿ ಹಾಕಿಸಿಕೊಂಡು ಮಾತಾಡಿ ಹಿಂದಿರುಗಿದರು; ಸುದ್ದಿ ದೇಶವೆಲ್ಲ ಹರಡಿದ ಮೇಲೆ ಹಟ್ಟಿಯವರು ಕರೆದರು, ಅವರು ಹೋದರು. ಆ ಹಟ್ಟಿಯವರು ಅವರಿಗೆ ಓಟು ಹಾಕಿದ್ದರೋ ಇಲ್ಲವೋ ಯಂತ್ರಕ್ಕೆ ಮಾತ್ರ ಗೊತ್ತು. ಹಟ್ಟಿಗಳದೇ ಒಂದು ಅಹವಾಲು ಇದೆ: ಕಾಡುಗೊಲ್ಲರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂಬುದು. ಪ್ರತಿ ಎಂಪಿ ಎಲೆಕ್ಷನ್ನಿಗೂ ಆ ಅಹವಾಲು ಹಾರ ಹಾಕಿಸಿಕೊಂಡು ವೇದಿಕೆಗೆ ಬರುತ್ತದೆ, ಫಲಿತಾಂಶದ ಮಾರನೆಯ ದಿನ ಹಟ್ಟಿಗೆ ಮರಳುತ್ತದೆ.

ವೇದಿಕೆಗೆ ತಪ್ಪದೆ ಬರುವ ಇನ್ನೊಂದು ಮಾತು ನೀರು. ಧರ್ಮಪುರದ ದೊಡ್ಡ ಕೆರೆಗೂ ಸುತ್ತಲ ಕೆರೆಗಳಿಗೂ ವೇದಾವತಿಯ ನೀರು ಹರಿಸಬೇಕೆಂಬ ಕೂಗು ತಲೆಮಾರುಗಳದು. ಅದೇ ನದಿಗೆ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರ ಇದೇ ತಾಲ್ಲೂಕಿನಲ್ಲಿದೆ. 1907ಕ್ಕೆ ಮುಗಿದ ಆ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಕಂಡದ್ದು 2022ರ ಸೆಪ್ಟೆಂಬರಿನಲ್ಲಿ. ಅಂದರೆ ಊರಿನಲ್ಲಿ ಬದುಕಿರುವ ಹೆಚ್ಚಿನವರು ಮೊದಲ ಸಲ ಕಂಡರು. ಬಸ್ಸು ಟ್ರ್ಯಾಕ್ಟರು ಮಾಡಿಕೊಂಡು ಹೋಗಿ ನೋಡಿದರು, ಬಾಗಿನ ಬಿಟ್ಟರು. ಈ ಸೀಮೆಗೆ ನೀರು ತರಬೇಕಾದ ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ರೂಪಾಯಿ ಕೊಡುವುದಾಗಿ ಕೇಂದ್ರದ 2023ರ ಬಜೆಟ್ಟು ಹೇಳಿತು. 2024ರ ಪ್ರಚಾರವೆಲ್ಲ ಆ ಅಂಕಿಯ ಮೇಲೆ ನಡೆಯಿತು: ಘೋಷಿಸಿದವರು ನಾವು ಎಂದು ಒಬ್ಬರು, ಒಂದು ಪೈಸೆ ಬಂದಿದೆಯೇ ಎಂದು ಇನ್ನೊಬ್ಬರು. ಅಭ್ಯರ್ಥಿ ಕಾರಜೋಳ ಆ ಘೋಷಣೆಯಾದಾಗ ರಾಜ್ಯದ ಜಲಸಂಪನ್ಮೂಲ ಮಂತ್ರಿ. ಶೇಂಗಾ, ತೆಂಗು ನಂಬಿದ ರೈತನಿಗೆ ಸಾವಿರ ಕೋಟಿ ಎಂಬುದು ಕಣ್ಣಿಗೆ ಕಟ್ಟುವುದಿಲ್ಲ. ಅವನು ಕೇಳುವುದು ಕೊಳವೆಬಾವಿ ಇನ್ನೆಷ್ಟು ಅಡಿ ಇಳಿಸಬೇಕು ಎಂದು.

ಮತಗಟ್ಟೆಯಲ್ಲಿ ಸಂಜೆ ಆರಕ್ಕೆ ಬಾಗಿಲು ಬಂದ್. ಸಾಲಿನಲ್ಲಿ ಉಳಿದವರಿಗೆ ಕೊನೆಯಿಂದ ಮೊದಲಾಗಿ ಚೀಟಿ ಹಂಚಿ, ಅವರದಾದ ಮೇಲೆ ಕ್ಲೋಸ್ ಗುಂಡಿ. ಒಟ್ಟು ಎಷ್ಟು ಓಟು ಬಿತ್ತೆಂಬ ಹಾಳೆಯ ಪ್ರತಿ ಏಜೆಂಟರ ಕೈಗೆ. ಅದನ್ನು ಹಿಡಿದು ಅವರು ಹೋಟೆಲಿಗೆ ನಡೆದು, ಯಾವ ಬೀದಿ ಯಾರ ಕಡೆ ಎಂದು ರಾತ್ರಿ ಹತ್ತರವರೆಗೆ ಗುಣಿಸಿ ಭಾಗಿಸುತ್ತಾರೆ.

ಇಲ್ಲಿ ಮುಗಿದರೂ ಅತ್ತ ಮುಗಿದಿರಲಿಲ್ಲ. ಗಡಿಯಾಚೆಯ ಹೇಮಾವತಿ ಒಂದು ಕಾಲಕ್ಕೆ ಹೆಂಜೇರು, ನೊಳಂಬರ ರಾಜಧಾನಿ. ಧರ್ಮಪುರವೂ ಹೇಮಾವತಿಯೂ ಆಗ ಒಂದೇ ನೊಳಂಬವಾಡಿ. ಈಗ ಅದು ಆಂಧ್ರದ ಶ್ರೀ ಸತ್ಯಸಾಯಿ ಜಿಲ್ಲೆ. ಮನೆಮಾತು ಕನ್ನಡ, ಬ್ಯಾನರು ತೆಲುಗು. ಅಲ್ಲಿಯವರು ಮೇ 13ರಂದು ವಿಧಾನಸಭೆಗೊಂದು, ಲೋಕಸಭೆಗೊಂದು ಎಂದು ಎರಡು ಯಂತ್ರ ಒತ್ತಿದರು. ಬೆರಳಿಗೆ ಬಿದ್ದದ್ದು ಅದೇ ಮೈಸೂರಿನ ಶಾಯಿ. ಅವರ ಲೋಕಸಭಾ ಕ್ಷೇತ್ರವಾದ ಹಿಂದೂಪುರದಲ್ಲಿ ವೈಎಸ್‌ಆರ್ ಕಾಂಗ್ರೆಸ್ಸಿನಿಂದ ನಿಂತು ಸೋತವರು 2009ರಲ್ಲಿ ಬಳ್ಳಾರಿಯಿಂದ ಬಿಜೆಪಿ ಸಂಸದೆಯಾಗಿದ್ದ ಜೆ. ಶಾಂತಾ. ಹೊರಗಿನವರನ್ನು ತರುವುದರಲ್ಲಿ ಆ ಕಡೆಯೂ ಹಿಂದೆ ಬಿದ್ದಿಲ್ಲ. ಮಡಕಶಿರಾ ವಿಧಾನಸಭೆಯಲ್ಲಿ ತೆಲುಗುದೇಶಂ ಗೆದ್ದದ್ದು ಬರೀ 351 ಓಟುಗಳಿಂದ. ಜೂನ್ 4ರಂದು ಎರಡೂ ಕಡೆಯ ಪೆಟ್ಟಿಗೆ ಒಟ್ಟಿಗೆ ತೆರೆದಾಗ ಧರ್ಮಪುರದವರಿಗೆ ತಮ್ಮ 48 ಸಾವಿರಕ್ಕಿಂತ ನಂಟರೂರಿನ 351 ಹೆಚ್ಚು ರುಚಿಸಿದರೆ ಆಶ್ಚರ್ಯವಿಲ್ಲ.

ಮುಂದಿನ ಎಲೆಕ್ಷನ್ನು ಯಾವುದು ಎಂಬ ಮಾತು ಅಂದೇ ಶುರುವಾಯಿತು. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳಿಗೆ ಓಟು ನಡೆದದ್ದು 2016ರಲ್ಲಿ. ಅವಧಿ 2021ಕ್ಕೇ ಮುಗಿದಿತ್ತು. ಮೀಸಲಾತಿ ಪಟ್ಟಿ, ಕೋರ್ಟು ಎಂದು ಅದು ಮುಂದೆ ಮುಂದೆ ಹೋಗುತ್ತಲೇ ಇತ್ತು. ದಿಲ್ಲಿಗೆ ಯಾರನ್ನೋ ಕಳಿಸುವ ಎಲೆಕ್ಷನ್ನು ಹೇಳಿದ ದಿನಕ್ಕೆ ಸರಿಯಾಗಿ ನಡೆಯುತ್ತದೆ. ಹೋಬಳಿಯವನೇ ನಿಲ್ಲಬಹುದಾದ, ರಸ್ತೆ ಚರಂಡಿಗೆ ಕೊರಳಪಟ್ಟಿ ಹಿಡಿದು ಕೇಳಬಹುದಾದ ಎಲೆಕ್ಷನ್ನಿಗೆ ಮಾತ್ರ ತಾರೀಖು ಬರಲಿಲ್ಲ. ಅದಕ್ಕೆಂದು ಖಾದಿ ಅಂಗಿ ಹೊಲಿಸಿಟ್ಟುಕೊಂಡವರು ಎಂಪಿ ಎಲೆಕ್ಷನ್ನಿನಲ್ಲಿ ಏಜೆಂಟರಾಗಿ ಕೂತು ಅದನ್ನೇ ತೊಟ್ಟು ಹಳತು ಮಾಡಿಬಿಟ್ಟರು.