ಮನೆಯ ಟಿ.ವಿ. ಪರದೆಗೆ ಎಷ್ಟು ಚುಕ್ಕೆಗಳು ಬೇಕು?

ಮಲೆನಾಡಿನ ಮನೆಗಳಿಗೆ ದೂರದರ್ಶನ ಕಾಲಿಟ್ಟ ದಿನಗಳು ಹಿರಿಯರ ನೆನಪಿನಿಂದ ಇನ್ನೂ ಮಾಸಿಲ್ಲ. ಬೆಂಗಳೂರು ದೂರದರ್ಶನ ಕೇಂದ್ರ 1981ರಲ್ಲಿ ಆರಂಭವಾಯಿತು. ಮರುವರ್ಷ ದೆಹಲಿಯ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣದ ಪ್ರಸಾರವೂ ಬಂದಿತು. 1987ರಲ್ಲಿ ರಾಮಾಯಣ ಧಾರಾವಾಹಿ ಮೊದಲಾದಾಗ ಊರಿಗೊಂದೆರಡು ಪೆಟ್ಟಿಗೆಗಳಿದ್ದರೂ ಊರೆಲ್ಲ ಅವುಗಳ ಮುಂದೆ ಸೇರುತ್ತಿತ್ತು. ಅಂದು ಪರದೆಯ ಮೇಲೆ ಹಿಟ್ಟು ಚೆಲ್ಲಿದಂತೆ ಕಂಡರೂ ಯಾರೂ ಬೇಸರಿಸುತ್ತಿರಲಿಲ್ಲ. ಇಂದು ಚಿತ್ರದ ಸ್ಪಷ್ಟತೆಯೇ ಮನೆಮಂದಿಯ ಚರ್ಚೆಯ ವಿಷಯವಾಗಿದೆ.

ಕಳೆದ ಮಳೆಗಾಲದ ಕೊನೆಯಲ್ಲಿ ನಾವು ಶೃಂಗೇರಿ ತಾಲ್ಲೂಕಿನ ಬೇಗಾರಿನ ಪರಿಚಿತ ಕುಟುಂಬವೊಂದರ ಮನೆಯಲ್ಲಿದ್ದಾಗ ಇಂತಹುದೇ ಚರ್ಚೆ ನಡೆದಿತ್ತು. ಹಳೆಯ ಟಿ.ವಿ. ಕೆಟ್ಟಿತ್ತು. ಕಾಲೇಜಿಗೆ ಹೋಗುವ ಮಗನಿಗೆ 55 ಇಂಚಿನ 4ಕೆ ಪರದೆಯೇ ಆಗಬೇಕು. ಬೆಂಗಳೂರಿನ ಅತ್ತೆಯ ಮಗ ಆಡಿ ಬಿಟ್ಟ ಪ್ಲೇಸ್ಟೇಷನ್ 4 ಅವನ ಕೈಸೇರಿತ್ತು. ಅಜ್ಜಿಯ ಮಾತು ಬೇರೆ. “ನನಗೆ ಅಕ್ಷರ ಕಾಣೂದಿಲ್ಲ ಮಗಾ, ಎಲ್ಲ ಮಂಜು ಮಂಜು. ದೊಡ್ಡದೇ ತರ್ಲಿ ಬಿಡು” ಎಂದು ಮೊಮ್ಮಗನ ಪಕ್ಷ ಹಿಡಿದಿದ್ದರು. ಯಜಮಾನರು ಮಾತ್ರ ಮೌನವಾಗಿದ್ದರು. ತೋಟಕ್ಕೆ ಎಲೆಚುಕ್ಕಿ ರೋಗ ತಗುಲಿ ಅಡಿಕೆಯ ಫಸಲು ಇಳಿದ ವರ್ಷವದು. ಕೊನೆಗೆ ಅವರು ನಮ್ಮತ್ತ ತಿರುಗಿ, “ನೀವೇ ಹೇಳಿ, ಇಷ್ಟೊಂದು ದುಡ್ಡು ಹಾಕಿದರೆ ವ್ಯತ್ಯಾಸ ಕಾಣುತ್ತದೆಯೇ?” ಎಂದು ಕೇಳಿದರು. ಈ ಪ್ರಶ್ನೆ ಅನೇಕ ಮನೆಗಳದ್ದೂ ಆಗಿರುವುದರಿಂದ ಅಂದು ವಿಚಾರ ಮಾಡಿದುದನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ಚುಕ್ಕೆಗಳ ಲೆಕ್ಕ

ಟಿ.ವಿ.ಯ ಚಿತ್ರವೆಂಬುದು ರಂಗೋಲಿಯಂತೆ ಚುಕ್ಕೆಗಳಿಂದ ಕೂಡಿದ್ದು. ಈ ಚುಕ್ಕೆಗೆ ಪಿಕ್ಸೆಲ್ ಎಂದೂ, ಅಡ್ಡಲಾಗಿ ಮತ್ತು ಉದ್ದಕ್ಕೆ ಅವು ಎಷ್ಟಿವೆ ಎಂಬ ಲೆಕ್ಕಕ್ಕೆ ರೆಸಲ್ಯೂಷನ್ ಎಂದೂ ಹೆಸರು. ಹಳೆಯ ಸಾಧಾರಣ ಪ್ರಸಾರದ ಚಿತ್ರದಲ್ಲಿ ಹೆಚ್ಚೆಂದರೆ 720×576 ಚುಕ್ಕೆಗಳು. ಎಚ್‌.ಡಿ.ಯಲ್ಲಿ 1280×720, ಫುಲ್ ಎಚ್‌.ಡಿ.ಯಲ್ಲಿ 1920×1080, 4ಕೆ ಪರದೆಯಲ್ಲಿ 3840×2160, 8ಕೆ ಪರದೆಯಲ್ಲಿ 7680×4320. ಅಂದರೆ ಫುಲ್ ಎಚ್‌.ಡಿ.ಯಲ್ಲಿ ಸುಮಾರು 20 ಲಕ್ಷ ಚುಕ್ಕೆಗಳಿದ್ದರೆ 4ಕೆಯಲ್ಲಿ ಅದರ ನಾಲ್ಕು ಪಟ್ಟು, ಸುಮಾರು 83 ಲಕ್ಷ.

ಚುಕ್ಕೆ ಹೆಚ್ಚಿದಷ್ಟೂ ಚಿತ್ರ ಸ್ಪಷ್ಟ ಎಂಬುದು ಅರ್ಧ ಸತ್ಯ. ಉಳಿದರ್ಧ ನಾವು ಕುಳಿತುಕೊಳ್ಳುವ ದೂರದಲ್ಲಿದೆ. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗದಷ್ಟು ಅಂತರವನ್ನು ಗುರುತಿಸಬಲ್ಲದು. ಅದಕ್ಕಿಂತ ಸಣ್ಣದಾದುದು ಒಂದರೊಳಗೊಂದು ಬೆರೆತುಹೋಗುತ್ತದೆ. ಇದರಿಂದ ಒಂದು ಸುಲಭ ಸೂತ್ರ ದೊರೆಯುತ್ತದೆ. ಪರದೆಯ ಇಂಚನ್ನು ಎಚ್‌.ಡಿ.ಗೆ 6ರಿಂದ, ಫುಲ್ ಎಚ್‌.ಡಿ.ಗೆ 4ರಿಂದ, 4ಕೆಗೆ 2ರಿಂದ ಗುಣಿಸಿರಿ. ಬರುವ ಸಂಖ್ಯೆಯಷ್ಟು ಸೆಂಟಿಮೀಟರು ದೂರದಾಚೆ ಕುಳಿತರೆ ಚುಕ್ಕೆಗಳು ಬಿಡಿಬಿಡಿಯಾಗಿ ಕಾಣುವುದಿಲ್ಲ. ಅಲ್ಲಿಂದ ಮುಂದೆ ಹೆಚ್ಚಿನ ಚುಕ್ಕೆಗಳಿಗೆ ಕೊಟ್ಟ ಹಣ ಕಣ್ಣಿಗೆ ದಕ್ಕುವುದಿಲ್ಲ.

ಬೇಗಾರಿನ ಮನೆಯಲ್ಲಿ ಟೇಪು ಹಿಡಿದು ಅಳೆದೆವು. ಗೋಡೆಯಿಂದ ಅಜ್ಜಿ ಕೂರುವ ಬೆಂಚಿಗೆ 9 ಅಡಿ, ಅಂದರೆ ಸುಮಾರು 275 ಸೆಂಟಿಮೀಟರು. 55 ಇಂಚಿನ ಫುಲ್ ಎಚ್‌.ಡಿ. ಪರದೆಗೆ 220 ಸೆಂಟಿಮೀಟರು ದೂರವೇ ಸಾಕು. 43 ಇಂಚಿನದಕ್ಕೆ 172. ಅಷ್ಟು ದೂರದಿಂದ ನೋಡುವವರಿಗೆ 4ಕೆಯ ಹೆಚ್ಚುವರಿ ಚುಕ್ಕೆಗಳು ಇದ್ದೂ ಇಲ್ಲದಂತೆಯೇ. ಅಂಗಡಿಯಲ್ಲಿ ವ್ಯತ್ಯಾಸ ಎದ್ದು ಕಾಣುವುದೇಕೆಂದರೆ ಅಲ್ಲಿ ನಾವು ಪರದೆಯಿಂದ ಎರಡು ಅಡಿಯಲ್ಲಿ ನಿಂತಿರುತ್ತೇವೆ. ತೋರಿಸುವ ಚಿತ್ರವೂ ಅದಕ್ಕೆಂದೇ ತಯಾರಾದದ್ದು.

ಬರುವ ಚಿತ್ರ ಎಂತಹುದು?

ಎರಡನೆಯ ಪ್ರಶ್ನೆ, ಪರದೆಗೆ ಬರುವ ಚಿತ್ರದ್ದು. ದೂರದರ್ಶನದ ಫ್ರೀ ಡಿಶ್‌ನಲ್ಲಿ ಬರುವ ಹೆಚ್ಚಿನ ವಾಹಿನಿಗಳು ಸಾಧಾರಣ ದರ್ಜೆಯವು. ಅದನ್ನು 4ಕೆ ಪರದೆಯಲ್ಲಿ ಹರಡಿದಾಗ ಒಂದು ಚುಕ್ಕೆ ಬಂದ ಕಡೆ ಇಪ್ಪತ್ತು ಚುಕ್ಕೆಗಳನ್ನು ತುಂಬಬೇಕಾಗುತ್ತದೆ. ಉಳಿದ ಹತ್ತೊಂಬತ್ತನ್ನು ಟಿ.ವಿ.ಯೇ ಊಹಿಸಿ ತುಂಬುತ್ತದೆ. ಅಗ್ಗದ ಟಿ.ವಿ.ಗಳಲ್ಲಿ ಈ ಊಹೆ ಒರಟಾಗಿರುವುದರಿಂದ ಧಾರಾವಾಹಿ ಮಸುಕಾಗಿಯೇ ಕಾಣುತ್ತದೆ.

ಅಂತರ್ಜಾಲದ ಮೂಲಕ ನೋಡುವವರು ಡೇಟಾದ ಲೆಕ್ಕವನ್ನೂ ಮಾಡಬೇಕು. ನೆಟ್‌ಫ್ಲಿಕ್ಸ್ ಸಂಸ್ಥೆ ಹೇಳುವಂತೆ ಎಚ್‌.ಡಿ. ಚಿತ್ರಕ್ಕೆ ಗಂಟೆಗೆ 3 ಜಿ.ಬಿ.ವರೆಗೆ, 4ಕೆ ಚಿತ್ರಕ್ಕೆ 7 ಜಿ.ಬಿ.ವರೆಗೆ ವ್ಯಯವಾಗುತ್ತದೆ, 4ಕೆಗೆ 15 ಎಂ.ಬಿ.ಪಿ.ಎಸ್. ವೇಗವೂ ಬೇಕು. ದಿನಕ್ಕೆ 2 ಜಿ.ಬಿ.ಯ ಮೊಬೈಲ್ ಸಂಪರ್ಕವನ್ನೇ ನಂಬಿದ ಮನೆಯಲ್ಲಿ 4ಕೆ ಚಿತ್ರ ಹದಿನೇಳು ನಿಮಿಷಕ್ಕೆ ಮುಗಿದುಹೋದೀತು.

ಆಟದ ವಿಚಾರ

ಆಟ ಆಡುವವರ ಮಾತು ಬೇರೆ. ಅವರು ಪರದೆಯ ಹತ್ತಿರ, ನಾಲ್ಕೈದು ಅಡಿಯಲ್ಲಿ ಕೂರುತ್ತಾರೆ. ಸಣ್ಣ ಅಕ್ಷರಗಳನ್ನೂ ಓದಬೇಕಾಗುತ್ತದೆ. ಆಟದ ಯಂತ್ರ 4ಕೆ ಚಿತ್ರ ಕೊಡುವಂತಿದ್ದರೆ ಅಲ್ಲಿ 4ಕೆ ನಿಜಕ್ಕೂ ಉಪಯುಕ್ತ. ಆದರೆ 2013ರಲ್ಲಿ ಬಂದ ಪ್ಲೇಸ್ಟೇಷನ್ 4 ಕೊಡುವುದು ಫುಲ್ ಎಚ್‌.ಡಿ. ಚಿತ್ರವನ್ನಷ್ಟೇ. 2020ರ ಪ್ಲೇಸ್ಟೇಷನ್ 5 ಇದ್ದವರು 4ಕೆ ಕೊಳ್ಳಬಹುದು. ಸೆಕೆಂಡಿಗೆ 120 ಚಿತ್ರಗಳ ವೇಗ ಬೇಕೆಂದರೆ 120 ಹರ್ಟ್ಸ್ ಪರದೆಯೂ ಎಚ್‌.ಡಿ.ಎಂ.ಐ. 2.1 ಕಿಂಡಿಯೂ ಇವೆಯೇ ಎಂದು ವಿಚಾರಿಸತಕ್ಕದ್ದು. ಗುಂಡಿ ಒತ್ತಿದ ಕೂಡಲೇ ಪರದೆ ಸ್ಪಂದಿಸುವಂತೆ ಮಾಡುವ ‘ಗೇಮ್ ಮೋಡ್’ ಎಂಬ ಸೌಲಭ್ಯ, ಆಡುವವರಿಗೆ ಚುಕ್ಕೆಗಳಷ್ಟೇ ಮುಖ್ಯ. 8ಕೆ ಚಿತ್ರಗಳಂತೂ ವಿರಳವಾದ್ದರಿಂದ ಸಾಮಾನ್ಯ ಸಂಸಾರಕ್ಕೆ ಅದರ ಗೊಡವೆ ಬೇಡ.

ಈ ಲೆಕ್ಕವನ್ನೆಲ್ಲ ಕೇಳಿದ ಹುಡುಗ ಸ್ವಲ್ಪ ಮುಖ ಸಪ್ಪಗೆ ಮಾಡಿಕೊಂಡನಾದರೂ ತಾನೇ ಕಾಗದದ ಮೇಲೆ ಗುಣಿಸಿ ನೋಡಿ ಒಪ್ಪಿದನು. ಆಗ ನಮಗೆ ಇನ್ನೊಂದು ಮಾತು ಹೊಳೆಯಿತು. ಈ ಸೂತ್ರವೆಲ್ಲ ಆರೋಗ್ಯವಂತ ಕಣ್ಣಿನದು. ಅಜ್ಜಿಗೆ ಮಂಜಾಗಿ ಕಾಣುತ್ತಿದ್ದುದು ಟಿ.ವಿ. ಮಾತ್ರವೇ? “ಗೋಡೆಯ ಕ್ಯಾಲೆಂಡರಿನ ತಾರೀಕು ಕಾಣುವುದೇ?” ಎಂದು ಕೇಳಿದೆವು. ಅಜ್ಜಿ ಸುಮ್ಮನಾದರು. ಎರಡು ವರ್ಷದಿಂದ ಕಾಣುತ್ತಿರಲಿಲ್ಲವಂತೆ. ಖರ್ಚಿಗೆ ಹೆದರಿ ಮನೆಯಲ್ಲಿ ಹೇಳಿರಲಿಲ್ಲ. ಯಜಮಾನರು ಬಹಳ ಹೊತ್ತು ತಲೆ ತಗ್ಗಿಸಿ ಕುಳಿತರು.

ಆ ಮನೆಗೆ 43 ಇಂಚಿನ ಫುಲ್ ಎಚ್‌.ಡಿ. ಟಿ.ವಿ. ಬಂದಿತು. ಉಳಿದ ಹಣ ಅಜ್ಜಿಯ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಸಂದಿತು. ಮೊಮ್ಮಗನೇ ಜೊತೆಯಲ್ಲಿ ಹೋಗಿ ಬಂದನು.

ಕೊನೆಯದಾಗಿ ಒಂದೆರಡು ಕಿವಿಮಾತು. ಟಿ.ವಿ. ಕೊಳ್ಳುವಾಗ ವಿದ್ಯುತ್ ಉಳಿತಾಯದ ನಕ್ಷತ್ರ ಗುರುತನ್ನು ಗಮನಿಸಿರಿ. ಜಡಿಮಳೆಗೆ ಡಿಶ್‌ನ ಚಿತ್ರ ನಿಂತುಹೋಗುವುದು ಟಿ.ವಿ.ಯ ದೋಷವಲ್ಲ, ಉಪಗ್ರಹದ ಸಂಕೇತವನ್ನು ಮಳೆಹನಿಗಳು ಹೀರುವುದೇ ಅದಕ್ಕೆ ಕಾರಣ. ಗುಡುಗು ಶುರುವಾಗುವ ಮುನ್ನವೇ ಪ್ಲಗ್ಗನ್ನೂ ಡಿಶ್ ಕೇಬಲ್ಲನ್ನೂ ಕಿತ್ತಿಡಿರಿ, ಗುಡುಗು ಕೇಳಿದ ಮೇಲೆ ಅವನ್ನು ಮುಟ್ಟಬೇಡಿರಿ. ಅಂಗಡಿಗೆ ಹೊರಡುವ ಮುನ್ನ ಮನೆಯಲ್ಲಿ ಟೇಪು ಹಿಡಿದು ಅಳೆಯಿರಿ, ಏನನ್ನು ನೋಡುತ್ತೀರೆಂದು ಪಟ್ಟಿ ಮಾಡಿರಿ, ಮತ್ತು ಆ ಪರದೆಯ ಮುಂದೆ ಕೂರುವ ಹಿರಿಯರಿಗೆ ಕಣ್ಣು ಸರಿಯಾಗಿ ಕಾಣುತ್ತಿದೆಯೇ ಎಂದು ಒಂದು ಮಾತು ಕೇಳಿರಿ.