300 ದಿನದ ಗಡುವು, 420 ಗ್ರಾಂ ಲೇಪ

ಅಮೆರಿಕದಲ್ಲಿ ಸನ್‌ಸ್ಕ್ರೀನ್ ಸೌಂದರ್ಯವರ್ಧಕವಲ್ಲ, ವೈದ್ಯರ ಚೀಟಿಯಿಲ್ಲದೆ ಸಿಗುವ ಔಷಧ. 1999ರ ನಿಯಮಾವಳಿಯಲ್ಲಿ ಬಿಸಿಲು ತಡೆಯುವ 16 ಘಟಕಗಳಿಗೆ ಜಾಗ ಸಿಕ್ಕಿತು. ಆಮೇಲೆ ವರ್ಷಗಟ್ಟಲೆ ಆ ಪಟ್ಟಿ ಬೆಳೆಯಲಿಲ್ಲ. ಹೊರದೇಶಗಳಲ್ಲಿ ಆಗಲೇ ಬಳಕೆಯಲ್ಲಿದ್ದ 8 ಘಟಕಗಳ ಅರ್ಜಿಗಳು 2002ರಿಂದೀಚೆಗೆ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಗೆ ಬಂದು ಅಲ್ಲೇ ಕೂತವು.

ಕಡತ ಅಲುಗಾಡಿಸಲೆಂದು ಬಂದದ್ದು ಸನ್‌ಸ್ಕ್ರೀನ್ ಇನ್ನೊವೇಷನ್ ಆಕ್ಟ್. ಒಬಾಮ ಅದಕ್ಕೆ ಸಹಿ ಹಾಕಿದ್ದು 2014ರ ನವೆಂಬರ್ 26ರಂದು. ಹೊಸ ಅರ್ಜಿಯ ಪರಿಶೀಲನೆಗೆ 300 ದಿನದ ಗಡುವು. ಬಾಕಿ ಬಿದ್ದವಕ್ಕೆ ಇನ್ನೂ ಕಡಿಮೆ. ಗಡುವಿನ ಬಿಸಿ ತಾಗಿತು. 2015ರ ಫೆಬ್ರುವರಿ ಮುಗಿಯುವುದರೊಳಗೆ ಎಂಟಕ್ಕೂ ಉತ್ತರ ಹೊರಟಿತು: ಮಾಹಿತಿ ಸಾಲದು. ಅನುಮತಿ ಸಿಕ್ಕಿದ್ದು ಸೊನ್ನೆ. ಕಾನೂನು ಕಟ್ಟಿಹಾಕಿದ್ದು ಉತ್ತರ ಕೊಡುವ ದಿನಗಳನ್ನು; ಕೊರತೆಯಿದ್ದದ್ದು ಪುರಾವೆಯಲ್ಲಿ.

ಎಂಥ ಪುರಾವೆ? ಹಚ್ಚಿದ್ದು ರಕ್ತಕ್ಕೆ ಎಷ್ಟು ಸೇರುತ್ತದೆ ಎಂದು ಅಳೆಯುವ ಗರಿಷ್ಠ ಬಳಕೆಯ ಪರೀಕ್ಷೆಯನ್ನೇ ನೋಡಿ. ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ, ಮೈಯ ಶೇ 75 ಭಾಗಕ್ಕೆ, ದಿನಕ್ಕೆ 4 ಸಲ, 4 ದಿನ. ವಯಸ್ಕರ ಚರ್ಮ 1.75 ಚದರ ಮೀಟರ್ ಎಂದಿಟ್ಟುಕೊಂಡರೆ ಒಂದು ಸಲಕ್ಕೆ 26 ಗ್ರಾಂ, ದಿನಕ್ಕೆ 105, ಒಟ್ಟು 420 ಗ್ರಾಂ. ನಮ್ಮ ಮೆಡಿಕಲ್ ಶಾಪಿನ 50 ಗ್ರಾಂ ಟ್ಯೂಬುಗಳು ಎಂಟು ಖಾಲಿಯಾಗಿ ಒಂಬತ್ತನೆಯದನ್ನು ಒಡೆಯಬೇಕು. ಮನೆಯಲ್ಲಿ ಇಷ್ಟು ಮೆತ್ತಿಕೊಳ್ಳುವವರು ಯಾರಿದ್ದಾರೆ! ಆದರೂ ಎಫ್‌ಡಿಎಯ ಹಟ ಅರ್ಥವಿಲ್ಲದ್ದಲ್ಲ. 2019ರಲ್ಲಿ ಎಫ್‌ಡಿಎ ವಿಜ್ಞಾನಿಗಳು 24 ಮಂದಿಗೆ ಹೀಗೇ ಹಚ್ಚಿ ರಕ್ತ ಪರೀಕ್ಷಿಸಿದಾಗ, ಮಾರುಕಟ್ಟೆಯಲ್ಲೇ ಇದ್ದ ಆಕ್ಸಿಬೆಂಜೋನ್, ಅವೊಬೆಂಜೋನ್ ಮಟ್ಟ ಮಿಲಿಲೀಟರಿಗೆ 0.5 ನ್ಯಾನೊಗ್ರಾಂ ಎಂಬ ಮಿತಿಯನ್ನು ದಾಟಿತ್ತು. ಮಿತಿ ದಾಟಿದರೆ ಅಪಾಯ ಎಂದಲ್ಲ, ಇನ್ನಷ್ಟು ಪರೀಕ್ಷೆ ಬೇಕು ಎಂದಷ್ಟೇ. ಅದೇ ವರ್ಷ ಹಳೆಯ 16ರಲ್ಲಿ ಸುರಕ್ಷಿತ ಎಂದು ಎಫ್‌ಡಿಎ ಒಪ್ಪಲು ಮುಂದಾದದ್ದು ಎರಡನ್ನು ಮಾತ್ರ: ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್.

ಉಳಿದ ದಾರಿ 2020ರ ಕೇರ್ಸ್ ಕಾಯ್ದೆಯದು. ದೀರ್ಘ ನಿಯಮರಚನೆಯ ಬದಲು ಆಡಳಿತಾತ್ಮಕ ಆದೇಶ. ಹೊಸ ಘಟಕಕ್ಕೆ ಆರಂಭದಲ್ಲಿ ನಿಗದಿಯಾದ ಅರ್ಜಿ ಶುಲ್ಕವೇ 5 ಲಕ್ಷ ಡಾಲರ್. ಅದೇ ದಾರಿ ಹಿಡಿದ ಬೆಮೊಟ್ರಿಜಿನಾಲ್ ಎಂಬ ಘಟಕವನ್ನು ಶೇ 6ರವರೆಗೆ ಬಳಸಬಹುದೆಂದು ಎಫ್‌ಡಿಎ ಪ್ರಸ್ತಾವ ಮುಂದಿಟ್ಟದ್ದು 2025ರ ಡಿಸೆಂಬರ್‌ನಲ್ಲಿ. ಯುರೋಪಿನಲ್ಲಿ ಶೇ 10ಕ್ಕೆ ಎಂದೋ ಒಪ್ಪಿಗೆಯಿದೆ. ಅರ್ಜಿದಾರ ಡಿಎಸ್ಎಂ ಕಂಪನಿ ಹೇಳಿಕೊಂಡಿರುವ ಖರ್ಚು ಸುಮಾರು 1.8 ಕೋಟಿ ಡಾಲರ್. ಕಾಯ್ದೆ ಕೊಡುವ ಏಕಸ್ವಾಮ್ಯ 18 ತಿಂಗಳು. ತಿಂಗಳಿಗೆ 10 ಲಕ್ಷ ಡಾಲರ್ ಉಳಿದರೆ ಹಾಕಿದ ಹಣ ವಾಪಸ್.